ಟೆಂಪ್ಲೇಟ್ ಒಂದು, ಕಾರ್ಖಾನೆ ಹಲವು: ನನ್ನ ಅನುಭವ

ಬೆಳಗಾವಿ ಸುತ್ತಲಿನ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ಕಾಟಾದ ಸಾಫ್ಟ್‌ವೇರ್ ಮಾಡುವುದು ನಮ್ಮ ಕೆಲಸ. ಒಬ್ಬರಿಗೆ ಕಟಾವು ಗ್ಯಾಂಗಿನ ಮುಂಗಡದ ಲೆಕ್ಕ ಬೇಕು, ಇನ್ನೊಬ್ಬರಿಗೆ ಬೇಡ. ಕಾರ್ಖಾನೆಗೊಂದು ಯುಎಂಎಲ್ ಮಾಡೆಲ್ (ಸಾಫ್ಟ್‌ವೇರಿನ ರಚನೆ ತೋರಿಸುವ ನಕ್ಷೆ) ಬರೆಯುತ್ತ ಕೂತರೆ ಹಂಗಾಮು ಮುಗಿದೇ ಹೋಗುತ್ತದೆ. ಅದಕ್ಕೆ ಎಲ್ಲವನ್ನೂ ಒಂದೇ ಮೂಲ ಮಾಡೆಲ್‌ಗೆ, ಅಂದರೆ ಟೆಂಪ್ಲೇಟಿಗೆ ಹಾಕಿ, ಯಾವ ಫೀಚರ್ (ಕಾರ್ಖಾನೆ ಆರಿಸುವ ಸೌಲಭ್ಯ) ಇದ್ದರೆ ಯಾವ ಕ್ಲಾಸ್ (ನಕ್ಷೆಯ ಒಂದು ಘಟಕ) ಉಳಿಯಬೇಕು ಎಂಬ ಷರತ್ತನ್ನು ಅದರದರ ಮೇಲೆಯೇ ಬರೆದೆವು.

ಬೇಡದ್ದನ್ನು ತೆಗೆದ ಮೇಲೆ ಉಳಿದದ್ದು ಯುಎಂಎಲ್ ನಿಯಮಕ್ಕೆ ಸರಿಹೊಂದಬೇಕಲ್ಲ? ಒಂದಕ್ಕೊಂದು ಸಂಬಂಧವಿಲ್ಲದ 20 ಐಚ್ಛಿಕ ಫೀಚರ್ ಇದ್ದರೆ 10,48,576 ಜೋಡಣೆ. ಒಂದೊಂದಾಗಿ ನೋಡುವ ಮಾತೇ ಇಲ್ಲ. 2006ರಲ್ಲಿ ಸಂಶೋಧಕರಾದ ಚಾರ್ನೆಟ್ಸ್ಕಿ, ಪಿಯೆತ್ರೋಷೆಕ್ ತೋರಿಸಿದ ದಾರಿಯನ್ನೇ ನಾನು ಹಿಡಿದೆ: ಟೆಂಪ್ಲೇಟನ್ನೇ ತಪಾಸಿಸುವುದು.

ಟೆಂಪ್ಲೇಟಿನಲ್ಲಿರುವ ಕ್ಲಾಸ್, ಅವನ್ನು ಜೋಡಿಸುವ ಅಸೋಸಿಯೇಷನ್‌ಗಳು ಲೆಕ್ಕಕ್ಕೆ ಸಿಗುವಷ್ಟೇ. ಹಾಗಾಗಿ ಯುಎಂಎಲ್ ನಿಯಮ ಬರೆಯುವ ಭಾಷೆಯಾದ ಓಸಿಎಲ್‌ನ 'ಎಲ್ಲದಕ್ಕೂ' ಎಂಬ ನಿಯಮವನ್ನು ಬಿಡಿಸಿ ಬರೆದರೆ ಬರೀ 'ಮತ್ತು', 'ಅಥವಾ', 'ಇಲ್ಲ' ಉಳಿಯುತ್ತವೆ. 'ಮುಂಗಡ'ದ ಅಸೋಸಿಯೇಷನ್ ಇದ್ದರೆ ಅದರ ತುದಿಯ 'ಗ್ಯಾಂಗ್' ಕ್ಲಾಸೂ ಇರಬೇಕು ಎಂಬುದು ಒಂದು ನಿಯಮ. ಫೀಚರ್ ಮಾಡೆಲ್ (ಯಾವ ಫೀಚರ್‌ಗಳನ್ನು ಒಟ್ಟಿಗೆ ಆರಿಸಬಹುದು ಎಂಬ ಪಟ್ಟಿ) ಒಪ್ಪುವ ಆದರೆ ಈ ನಿಯಮ ಮುರಿಯುವ ಜೋಡಣೆ ಇದೆಯೇ ಎಂದು, ಇಂಥ ಹೌದು-ಇಲ್ಲ ಷರತ್ತು ಬಿಡಿಸುವ ಪ್ರೋಗ್ರಾಂ ಆದ ಸ್ಯಾಟ್ ಸಾಲ್ವರ್‌ಗೆ ಕೇಳಬೇಕು. ಇಲ್ಲ ಎಂದರೆ ಅಷ್ಟೂ ಜೋಡಣೆ ಆ ನಿಯಮದ ಮಟ್ಟಿಗೆ ಸರಿ. ಇದೆ ಎಂದರೆ ಯಾವುದು ಎಂದೂ ಅದೇ ಹೇಳುತ್ತದೆ: ಮುಂಗಡ ಇದೆ, ಗ್ಯಾಂಗ್ ಇಲ್ಲ. ಇದನ್ನು ಕಾರ್ಖಾನೆಯ ಕೇನ್ ವಿಭಾಗದವರ ಮುಂದಿಟ್ಟರೆ ಅವರೇ ತೀರ್ಮಾನ ಕೊಡುತ್ತಾರೆ. ನನಗೆ ಇದರಲ್ಲಿ ಅತಿ ಹಿಡಿಸಿದ್ದು ಇದೇ.

ಜೊತೆಗಿದ್ದ ಹುಡುಗ ಒಮ್ಮೆ ಕೇಳಿದ, "ಅಲ್ರೀ ಸರ್, ಒಂದ ಕ್ಲಾಸ್‌ನಾಗ 'ದರ' ಅಂತ ಎರಡು ಅಟ್ರಿಬ್ಯೂಟ್ ಅದಾವ. ತಪ್ಪಲ್ಲೇನ್ರಿ?" ಅಟ್ರಿಬ್ಯೂಟ್ ಅಂದರೆ ಕ್ಲಾಸ್ ಇಟ್ಟುಕೊಳ್ಳುವ ಒಂದು ವಿವರ. ಮಾಮೂಲಿ ಮಾಡೆಲ್ ಆಗಿದ್ದರೆ ತಪ್ಪೇ. ಇಲ್ಲಿ ಒಂದು ತೂಕಕ್ಕೆ ಕೊಡುವ ದರ, ಇನ್ನೊಂದು ಇಳುವರಿ ನೋಡಿ ಕೊಡುವ ದರ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ಫೀಚರ್ ಮಾಡೆಲ್ ಕಟ್ಟುಹಾಕಿದೆ. ಕತ್ತರಿಸಿದ ಮೇಲೆ ಒಂದೇ ಉಳಿಯುತ್ತದೆ. ಟೆಂಪ್ಲೇಟಿಗೆ ಮಾಮೂಲಿ ವ್ಯಾಲಿಡೇಟರ್ (ತಪ್ಪು ಹುಡುಕುವ ಸಾಧನ) ಹಚ್ಚಿದರೆ ಇಂಥದ್ದಕ್ಕೆಲ್ಲ ಸುಮ್ಮನೆ ಕೆಂಪು ಗುರುತು ಬೀಳುತ್ತದೆ.

ಮೊದಲು ಮಾಡಬೇಕಾದದ್ದು ಒಂದಿದೆ: ಫೀಚರ್ ಮಾಡೆಲ್‌ಗೆ ಒಂದಾದರೂ ಜೋಡಣೆ ಒಪ್ಪಿಗೆಯಾಗುತ್ತದೆಯೇ ನೋಡಿ. ಅದರೊಳಗೇ ವಿರೋಧವಿದ್ದರೆ ಯಾವ ನಿಯಮ ಕೇಳಿದರೂ ಸಾಲ್ವರ್ 'ಮುರಿಯುವ ಜೋಡಣೆ ಇಲ್ಲ' ಎನ್ನುತ್ತದೆ, ಪೂರ್ತಿ ಪೊಳ್ಳು ಉತ್ತರ. ಇನ್ನು ತೂಕ ಕಳೆಯುವ, ರೊಕ್ಕ ಕೂಡುವ ಲೆಕ್ಕ ಸರಿಯೇ ಎಂಬುದು ಈ ತಪಾಸಣೆಗೆ ಸಿಗುವಂಥದ್ದಲ್ಲ. ಅದನ್ನು ಈಗಲೂ ಹಂಗಾಮಿಗೆ ಮುಂಚೆ ಹಳೇ ಕಾಟಾ ಚೀಟಿ ಹಾಕಿಯೇ ಟೆಸ್ಟ್ ಮಾಡುತ್ತೇವೆ.