ಸಲಹೆ ಕೊಡದ ಸಮಾಲೋಚಕರ ಮುಂದೆ ಕೂರುವುದು ಹೇಗೆ

ಆಪ್ತಸಮಾಲೋಚಕರ ಬಳಿ ಮೊದಲ ಬಾರಿಗೆ ಹೋಗುವವರು ಸಾಮಾನ್ಯವಾಗಿ 'ನಾನೀಗ ಏನು ಮಾಡಲಿ, ನೀವೇ ಹೇಳಿ ಮೇಡಂ' ಎಂಬ ಮಾತನ್ನು ಬಾಯಲ್ಲಿಟ್ಟುಕೊಂಡೇ ಹೋಗುತ್ತಾರೆ. ಮನೆಯ ಹಿರಿಯರು, ಮೇಷ್ಟ್ರು, ವೈದ್ಯರು, ಜ್ಯೋತಿಷಿಗಳು ಎಲ್ಲರೂ ಹೇಳುವವರೇ ಆಗಿರುವ ನಮ್ಮಲ್ಲಿ, ದುಡ್ಡು ಕೊಟ್ಟು ಹೋದ ಕಡೆಯಲ್ಲೂ ಹೇಳುವವರನ್ನೇ ನಿರೀಕ್ಷಿಸುವುದು ಸಹಜ. ಸಲಹೆ ಕೊಡುವ ಬದಲು ಬಂದವರ ಮಾತನ್ನು ಗಮನವಿಟ್ಟು ಕೇಳಿ, ದಾರಿಯನ್ನು ಅವರೇ ಕಂಡುಕೊಳ್ಳಲು ನೆರವಾಗುವ ವ್ಯಕ್ತಿ ಕೇಂದ್ರಿತ ಚಿಕಿತ್ಸೆಯಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರ ಸಿಗುವುದಿಲ್ಲ. ಇದನ್ನು ತಿಳಿಯದೆ ಹೋದವರು ಎರಡು ಭೇಟಿಗಳ ನಂತರ 'ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ ಅಷ್ಟೆ' ಎಂದು ನಿಲ್ಲಿಸಿಬಿಡುತ್ತಾರೆ. ಆ ಕೇಳಿಸಿಕೊಳ್ಳುವಿಕೆಯನ್ನು ಬಳಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಈ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902–1987). ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಮಕ್ಕಳ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ನಡೆದ ಪ್ರಸಂಗವೊಂದನ್ನು ಅವರೇ ಬರೆದಿದ್ದಾರೆ. ತುಂಟ ಹುಡುಗನೊಬ್ಬನ ತಾಯಿಗೆ, ಮಗನ ವರ್ತನೆಯ ಮೂಲ ಆಕೆಯ ತಿರಸ್ಕಾರದಲ್ಲೇ ಇದೆ ಎಂದು ಅವರು ಹಲವು ಭೇಟಿಗಳಲ್ಲಿ ನಯವಾಗಿ ಮನವರಿಕೆ ಮಾಡಲು ನೋಡಿದರು. ಏನೂ ಪ್ರಯೋಜನವಾಗದೆ, ಇಲ್ಲಿಗೆ ನಿಲ್ಲಿಸೋಣವೆಂದು ಇಬ್ಬರೂ ಒಪ್ಪಿದರು. ಬಾಗಿಲವರೆಗೆ ಹೋದ ಆಕೆ ತಿರುಗಿ, ಇಲ್ಲಿ ದೊಡ್ಡವರಿಗೂ ಸಮಾಲೋಚನೆ ಕೊಡುತ್ತೀರಾ ಎಂದು ಕೇಳಿದರು. ಮರಳಿ ಕುಳಿತು ತಮ್ಮ ದಾಂಪತ್ಯದ ಸಂಕಟವನ್ನೆಲ್ಲ ತೋಡಿಕೊಂಡರು. ನಿಜವಾದ ಚಿಕಿತ್ಸೆ ಆಗ ಆರಂಭವಾಯಿತು, ಕೊನೆಗೆ ತಾಯಿಗೂ ಮಗನಿಗೂ ಒಳಿತಾಯಿತು. ಎಲ್ಲಿ ನೋಯುತ್ತಿದೆ, ಯಾವ ದಿಕ್ಕಿಗೆ ಹೋಗಬೇಕು ಎಂಬುದು ನೋವುಂಡವರಿಗೇ ಗೊತ್ತಿರುತ್ತದೆ ಎಂಬ ರೋಜರ್ಸರ ನಂಬಿಕೆ ಇಂತಹ ಅನುಭವಗಳಿಂದ ಬೆಳೆದದ್ದು. 'ರೋಗಿ' ಎಂಬ ಮಾತನ್ನು ಬಿಟ್ಟು 'ಕ್ಲೈಂಟ್' (ನೆರವು ಬಯಸಿ ಬಂದವರು) ಎಂದು ಅವರು ಕರೆದದ್ದೂ ಈ ಕಾರಣಕ್ಕೇ.

1957ರ ಪ್ರಬಂಧವೊಂದರಲ್ಲಿ ಅವರು ಮನಸ್ಸಿನ ಬದಲಾವಣೆಗೆ ಬೇಕಾದ ಆರು ಷರತ್ತುಗಳನ್ನು ಹೇಳಿದರು. ಅವುಗಳಲ್ಲಿ ಮೂರು ಸಮಾಲೋಚಕರ ಮೇಲೆ ಬೀಳುವ ಹೊಣೆಗಳು: ಒಳಗೊಂದು ಹೊರಗೊಂದು ಇಲ್ಲದೆ ಇರುವುದು, ಎದುರಿಗಿರುವವರನ್ನು ಷರತ್ತಿಲ್ಲದೆ ಗೌರವಿಸುವುದು, ಅವರ ಅನುಭವವನ್ನು ಅವರ ನಿಲುವಿನಿಂದಲೇ ಅರಿಯುವುದು. ಕೊನೆಯದಕ್ಕೆ ಪರಾನುಭೂತಿ ಎನ್ನುತ್ತಾರೆ. 'ಅಯ್ಯೋ ಪಾಪ' ಎನ್ನುವ ಅನುಕಂಪಕ್ಕೂ ಇದಕ್ಕೂ ಬಹಳ ಅಂತರವಿದೆ.

ಆ ಅಂತರ ತಿಳಿಯಲು 'ಬೇಜಾರು' ಎಂಬ ನಮ್ಮ ಒಂದು ಪದವೇ ಸಾಕು. ಹೊತ್ತು ಹೋಗದಿದ್ದರೂ ಬೇಜಾರು, ತಂಗಿ ಮಾತು ಬಿಟ್ಟರೂ ಬೇಜಾರು, ಬದುಕೇ ಸಾಕೆನಿಸಿದರೂ ಬೇಜಾರು. ನೀವು 'ಅಣ್ಣ ಹಾಗೆ ಅಂದಿದ್ದಕ್ಕೆ ಬೇಜಾರಾಯಿತು' ಎಂದಾಗ ಒಳ್ಳೆಯ ಸಮಾಲೋಚಕರು 'ಎಲ್ಲರ ಎದುರು ಅಂದದ್ದರಿಂದ ಅವಮಾನವಾದ ಹಾಗೆ ಅನ್ನಿಸಿತೇ?' ಎಂದು ಕೇಳಬಹುದು. ನೀವು ಸ್ವಲ್ಪ ತಡೆದು, 'ಅವಮಾನ ಅಲ್ಲ, ಅವನೂ ನನ್ನನ್ನು ಕೈಬಿಟ್ಟ ಅನ್ನಿಸಿತು' ಎಂದರೆ, ಸಮಾಲೋಚಕರ ಊಹೆ ತಪ್ಪಾದರೂ ಕೆಲಸ ಸಾಗಿತು ಎಂದೇ ಅರ್ಥ. ಆದ್ದರಿಂದ ಅವರ ಮಾತು ನಿಮ್ಮ ಅನುಭವಕ್ಕೆ ಹೊಂದದಿದ್ದರೆ ಮರ್ಯಾದೆಗೆ ಕಟ್ಟುಬಿದ್ದು ತಲೆಯಾಡಿಸಬೇಡಿ, ತಿದ್ದಿ. ಸರಿಯಾದ ಪದ ಸಿಗದಿದ್ದರೆ ಎದೆ ಭಾರ, ಗಂಟಲು ಕಟ್ಟಿದಂತೆ, ಹೊಟ್ಟೆಯಲ್ಲಿ ಸಂಕಟ ಎಂದು ದೇಹ ಹೇಳುವುದನ್ನೇ ಹೇಳಿ. ನೀವು ಅಳುವ ಭಾಷೆಯಲ್ಲೇ ಮಾತನಾಡುವ ಸಮಾಲೋಚಕರನ್ನು ಹುಡುಕುವುದು ಇದೇ ಕಾರಣಕ್ಕೆ ಮುಖ್ಯ. ಕಚೇರಿಯ ಇಂಗ್ಲಿಷಿನಲ್ಲಿ ಅಮ್ಮನ ಬಗ್ಗೆ ಮಾತನಾಡುವುದು ಕಷ್ಟ.

ಮೊದಲ ಭೇಟಿಯಲ್ಲಿ ಕೆಲವು ವಿಷಯಗಳನ್ನು ನೀವೇ ಕೇಳಿ ಖಚಿತಪಡಿಸಿಕೊಳ್ಳಿ. ಅವರ ಓದು ಏನು, ವ್ಯಕ್ತಿ ಕೇಂದ್ರಿತ ಪದ್ಧತಿಯಲ್ಲಿ ಎಷ್ಟು ಕಾಲ ತರಬೇತಿ ಪಡೆದಿದ್ದಾರೆ, ಶುಲ್ಕ ಎಷ್ಟು, ಭೇಟಿ ತಪ್ಪಿದರೆ ಹಣ ಕೊಡಬೇಕೇ ಎಂದು ಕೇಳಲು ಸಂಕೋಚ ಬೇಡ. ನಮ್ಮ ದೇಶದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಆದರೆ ಆಪ್ತಸಮಾಲೋಚಕರೆಂಬ ಫಲಕವನ್ನು ಅಲ್ಪಾವಧಿಯ ಕೋರ್ಸು ಮುಗಿಸಿದವರೂ ಹಾಕಿಕೊಳ್ಳುವುದುಂಟು. ಭೇಟಿ ಸಾಮಾನ್ಯವಾಗಿ ವಾರಕ್ಕೊಮ್ಮೆ, ಸುಮಾರು 50 ನಿಮಿಷ ಇರುತ್ತದೆ. ನಿಮ್ಮ ಮಾತುಗಳು ಗುಟ್ಟಾಗಿ ಉಳಿಯುತ್ತವೆ, ಆದರೆ ಆ ಗುಟ್ಟಿಗೂ ಎಲ್ಲೆಗಳಿವೆ. ಜೀವಕ್ಕೆ ಅಪಾಯವಿರುವಾಗ ಸಮಾಲೋಚಕರು ಬೇರೆಯವರಿಗೆ ತಿಳಿಸಬೇಕಾಗಬಹುದು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. ಭೇಟಿಗಳ ಧ್ವನಿಮುದ್ರಣ ಮಾಡಿ ಅಧ್ಯಯನ ನಡೆಸುವ ರೂಢಿಗೆ ದಾರಿ ಹಾಕಿದವರಲ್ಲಿ ರೋಜರ್ಸ್ ಒಬ್ಬರು. ಇಂದಿಗೂ ತರಬೇತಿಯಲ್ಲಿರುವವರು ಧ್ವನಿಮುದ್ರಣಕ್ಕೆ ಅನುಮತಿ ಕೇಳಬಹುದು. ಬೇಡವೆನ್ನುವ ಹಕ್ಕು ನಿಮ್ಮದು.

ಮೌನ ಬಂದಾಗ ಗಾಬರಿಯಾಗಬೇಡಿ. ಸಮಾಲೋಚಕರಿಗೆ ಮಾತು ತೋಚದೆ ಬಂದ ಮೌನ ಅದಾಗಿರಬೇಕಿಲ್ಲ. ನೀವು ಆಡಿದ ಮಾತು ನಿಮಗೇ ಕೇಳಿಸಲೆಂದು ಅವರು ಜಾಗ ಬಿಟ್ಟಿರುತ್ತಾರೆ. ಸಿಟ್ಟು ಬಂದರೆ ಆ ಸಿಟ್ಟನ್ನೇ ಎತ್ತಿಕೊಳ್ಳಿ: 'ನೀವು ದಾರಿ ತೋರಿಸುತ್ತಿಲ್ಲ ಎಂದು ನನಗೆ ಕೋಪ ಬಂದಿದೆ' ಎನ್ನುವುದು ಈ ಕೋಣೆಯಲ್ಲಿ ಒರಟುತನ ಎನಿಸುವುದಿಲ್ಲ. ನಿಮ್ಮನ್ನು ಕರೆದುಕೊಂಡು ಬಂದ ಗಂಡನೋ ತಂದೆಯೋ ಒಳಗೆ ಕೂರಲು ಬಯಸಿದರೆ, ಹೊರಗೆ ಕಾಯುವಂತೆ ಸಮಾಲೋಚಕರ ಮೂಲಕವೇ ಹೇಳಿಸಬಹುದು. ಮನೆಗೆ ಮರಳಿದ ಮೇಲೆ 'ಏನಂದರು?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಏನೂ ಅನ್ನಲಿಲ್ಲ ಎಂದರೆ ಅವರು ನಂಬುವುದಿಲ್ಲ, ಅದೂ ಒಂದು ತಮಾಷೆ.

ಕೆಲವು ಭೇಟಿಗಳ ನಂತರ ಮೂಲ ಸಮಸ್ಯೆ ಇದ್ದಲ್ಲೇ ಇದ್ದು, ಅದರ ಬಗ್ಗೆ ನೀವು ಮಾತನಾಡುವ ರೀತಿ ಬದಲಾಗಿರಬಹುದು. 'ಅತ್ತೆ ಹೀಗೆ, ಅವರು ಹಾಗೆ' ಎಂದು ಆರಂಭಿಸಿದವರು 'ನನಗೆ ಭಯವಾಗುತ್ತದೆ, ನನಗೆ ಇದು ಬೇಕು' ಎಂಬಲ್ಲಿಗೆ ಬಂದರೆ ಅದು ಮುನ್ನಡೆಯ ಗುರುತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 510 ಖಿನ್ನತೆ ಪೀಡಿತರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಪದ್ಧತಿಯಿಂದ ಬೆಳೆದ ಚಿಕಿತ್ಸೆ ಆರು ತಿಂಗಳ ಹೊತ್ತಿಗೆ ಸಿಬಿಟಿಗೆ (ಯೋಚನೆ ಮತ್ತು ವರ್ತನೆಯ ರೀತಿಯನ್ನು ಬದಲಿಸಲು ಕಲಿಸುವ ಚಿಕಿತ್ಸೆ) ಹಿಂದೆ ಬೀಳಲಿಲ್ಲ. ಒಂದು ವರ್ಷದ ಹೊತ್ತಿಗೆ ಸಿಬಿಟಿ ಸ್ವಲ್ಪ ಮುಂದಿದ್ದಂತೆ ಕಂಡಿತು. ಎಲ್ಲರಿಗೂ ಎಲ್ಲಕ್ಕೂ ಇದೇ ಮದ್ದು ಎನ್ನುವವರನ್ನು ನಂಬಬೇಡಿ. ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದವರೊಂದಿಗೆ ಸ್ವತಃ ರೋಜರ್ಸ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆಸಿದ ಅಧ್ಯಯನವೂ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆ ಊಟ ಬಿಟ್ಟುಹೋಗಿದ್ದರೆ ಮೊದಲು ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಮುಂದಿನ ವಾರದ ಭೇಟಿಗೆ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಐದಾರು ಭೇಟಿಗಳಾದರೂ ನೀವು ಎಚ್ಚರದಿಂದ ಮಾತು ಆಯ್ದು ಆಡುತ್ತಿದ್ದರೆ, ಅಥವಾ ಎದುರಿಗಿರುವವರು ನಿಮ್ಮ ಜಾತಿ, ಮದುವೆ, ಒಲವುಗಳ ಬಗ್ಗೆ ತೀರ್ಪು ಕೊಡುತ್ತಿದ್ದಾರೆ ಎನ್ನಿಸಿದರೆ ಅದನ್ನು ಬಾಯಿಬಿಟ್ಟು ಹೇಳಿ. ಹೇಳಿದ ಮೇಲೂ ಬದಲಾಗದಿದ್ದರೆ ಬೇರೊಬ್ಬರನ್ನು ಹುಡುಕಿಕೊಳ್ಳಿ. ಎಲ್ಲವೂ ಸರಿಯಾಗಿ ನಡೆದು ನಿಲ್ಲಿಸುವ ಹೊತ್ತು ಬಂದಿದ್ದರೆ ಫೋನಿನಲ್ಲಿ ತಿಳಿಸಿ ಬಿಡಬೇಡಿ. ಒಂದೆರಡು ಭೇಟಿ ಮೊದಲೇ ಹೇಳಿ, ಬೀಳ್ಕೊಡುವುದಕ್ಕೆಂದೇ ಒಂದು ಭೇಟಿಯನ್ನು ಇಟ್ಟುಕೊಳ್ಳಿ.