ದುಬಾರಿ ಐಇಎಂಗಳನ್ನು ನಾನು ಕೇಳಿ ಆರಿಸಿದ ಬಗೆ

ಮೈಸೂರಿನ ಸಣ್ಣಪುಟ್ಟ ಸಭೆಗಳ ಸಂಗೀತ ಕಛೇರಿಗಳನ್ನು ರೆಕಾರ್ಡ್ ಮಾಡಿಕೊಡುವುದು ನನ್ನ ಕೆಲಸ. ಒಂದು ಜೊತೆ ಮೈಕು, ಒಂದು ಪುಟ್ಟ ರೆಕಾರ್ಡರ್. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಎಡಿಟಿಂಗ್. ಕುವೆಂಪುನಗರದ ನಮ್ಮ ಮನೆಯಲ್ಲಿ ನನ್ನ ಕೋಣೆ ಚಿಕ್ಕದು, ಬರೀ ಗೋಡೆ, ಮೊಸಾಯಿಕ್ ನೆಲ. ಸ್ಪೀಕರ್ ಹಾಕಿದರೆ ಮೃದಂಗದ ಎಡಗಡೆಯ ನಾದ ಒಂದು ಮೂಲೆಯಲ್ಲಿ ಗುಂಯ್ ಅನ್ನುತ್ತದೆ, ಇನ್ನೊಂದು ಕಡೆ ಇರುವುದೇ ಇಲ್ಲ. ಹೀಗಾಗಿ ಒಳ್ಳೆಯ ಇನ್-ಇಯರ್ ಮಾನಿಟರ್ ಒಂದು ಬೇಕಿತ್ತು. ಕಿವಿಯ ನಾಳದೊಳಗೇ ಕೂರುವ ಇಯರ್‌ಫೋನ್ ಅದು, ಎಲ್ಲರೂ ಕರೆಯುವಂತೆ ಐಇಎಂ.

ಲಕ್ಷದ ಹತ್ತಿರದ, ಲಕ್ಷ ದಾಟಿದ ಐಇಎಂಗಳ ಬಗ್ಗೆ ಓದಲು ಸಿಗುವುದೆಲ್ಲ ಹೆಚ್ಚಾಗಿ ರಾಕ್, ಎಲೆಕ್ಟ್ರಾನಿಕ್ ಸಂಗೀತ ಕೇಳಿ ಬರೆದದ್ದು. ಬೇಸ್ ಎಷ್ಟು ಗುದ್ದುತ್ತದೆ, ದನಿ ಎಷ್ಟು ಅಗಲಕ್ಕೆ ಹರಡಿದಂತೆ ಕೇಳುತ್ತದೆ ಅಂತ ಅದರಲ್ಲಿ ಇರುತ್ತದೆ. ತಂಬೂರಿಯ ತಂತಿಯಡಿ ಸಿಕ್ಕಿಸುವ ನೂಲಿನ, ಅಂದರೆ ಜೀವಾಳದ ಝೇಂಕಾರ ಸರಿಯಾಗಿ ಬರುತ್ತದಾ, ವೀಣೆಯ ಗಮಕ ಕೊನೆಯವರೆಗೂ ಕೇಳಿಸುತ್ತದಾ ಅನ್ನುವುದಕ್ಕೆ ಅಲ್ಲಿ ಉತ್ತರವಿಲ್ಲ. ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ನಾನೇ ಎದುರು ಕೂತು ಕೇಳಿದ, ನಾನೇ ಮೈಕ್ ಇಟ್ಟು ಹಿಡಿದ ದನಿಯನ್ನೇ ಅಳತೆಗೋಲು ಮಾಡಿಕೊಂಡೆ. ಆ ದಿನ ಆ ಜಾಗದಲ್ಲಿ ಅದು ಹೇಗಿತ್ತು ಅಂತ ನನಗೆ ಗೊತ್ತು. ಬೇರೆಯವರ ಸಿಡಿ ಕೇಳಿದರೆ ಇಯರ್‌ಫೋನ್ ಸರಿಯಿದೆಯೋ, ಸಿಡಿ ಮಾಡಿದವರ ರುಚಿ ಹಾಗಿದೆಯೋ ಹೇಳಲು ಬರುವುದಿಲ್ಲ.

ದುಡ್ಡು ಹಾಕುವ ಮುಂಚೆ ಕಿವಿ ಪರೀಕ್ಷೆ ಮಾಡಿಸಿದೆ. ಮೈಸೂರಿನವರಿಗೆ ಇದು ಸುಲಭ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ, ನಾವೆಲ್ಲ ಸ್ಪೀಚ್ ಅಂಡ್ ಹಿಯರಿಂಗ್ ಅನ್ನುತ್ತೇವೆ. ಸದ್ದು ಬಾರದ ಕೋಣೆಯಲ್ಲಿ ಕೂರಿಸಿ 250 ಹರ್ಟ್ಸ್‌ನಿಂದ 8,000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಕೇಳಿಸುತ್ತಾರೆ. ನನ್ನ ಎರಡೂ ಕಿವಿ ಸರಿಯಾಗಿಯೇ ಇದ್ದವು. 8,000ದ ಹತ್ತಿರ ಮಾತ್ರ ಬಲಗಿವಿ ಎಡಗಿವಿಗಿಂತ ಸ್ವಲ್ಪ ಮಂದ. ಇದು ಗೊತ್ತಿದ್ದರೆ ಬಲಗಡೆ ತಂಬೂರಿ ಮಂಕಾಗಿದೆ ಅಂತ ಇಯರ್‌ಫೋನನ್ನು ದೂರುವುದು ತಪ್ಪುತ್ತದೆ. ಐಇಎಂಗಳಿಗೂ ಶ್ರವಣ ಸಾಧನಕ್ಕೂ ಹಳೆಯ ನಂಟಿದೆ. ಅವುಗಳಲ್ಲಿರುವ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ, ಸದ್ದು ಹೊರಡಿಸುವ ಪುಟ್ಟ ಡ್ರೈವರ್ ಹಿಯರಿಂಗ್ ಏಡ್‌ನಿಂದ ಬಂದದ್ದು. ಅದನ್ನೇ ಇಟ್ಟುಕೊಂಡು ಅಮೆರಿಕದ ಎಟಿಮೋಟಿಕ್ ಕಂಪನಿ 1991ರಲ್ಲಿ ಇಆರ್-4 ತಂದಿತು. ವೇದಿಕೆಯ ಮೇಲೆ ಸಂಗೀತಗಾರರು ಹಾಕಿಕೊಳ್ಳುವ ಬಗೆ ಜೋರಾಗಿದ್ದು ಅದರ ನಂತರದ ವರ್ಷಗಳಲ್ಲಿ.

ಇನ್ನು ಕಿವಿಗೆ ಕೂರಿಸುವ ವಿಷಯ. ಇದರ ಬಗ್ಗೆ ಎಷ್ಟು ಹೇಳಿದರೂ ಕಮ್ಮಿಯೇ. ಲಕ್ಷದ ಇಯರ್‌ಫೋನ್ ಸರಿಯಾಗಿ ಕೂರದಿದ್ದರೆ ಸಾವಿರದ್ದಕ್ಕಿಂತ ಕಡೆ. ತುದಿಗೆ ಹಾಕುವ ಮೆತ್ತನೆಯ ಟಿಪ್‌ಗೂ ಕಿವಿಯ ನಾಳಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೂ ಬೇಸ್ ಸೋರಿಹೋಗುತ್ತದೆ. ನನ್ನ ಎಡಗಿವಿಗೆ ಮೀಡಿಯಂ ಟಿಪ್, ಬಲಗಿವಿಗೆ ಲಾರ್ಜ್. ಎರಡೂ ಕಿವಿಗೆ ಒಂದೇ ಸೈಜ್ ಆಗಬೇಕು ಅಂತೇನಿಲ್ಲ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯುತ್ತೇನೆ. ನಾಳ ನೆಟ್ಟಗಾಗುತ್ತದೆ. ಆಗ ಟಿಪ್ ಒಳಗಿಟ್ಟು ಸ್ವಲ್ಪ ತಿರುಗಿಸಿ ಕೈ ಬಿಡಬೇಕು. ಆಮೇಲೆ 40 ಹರ್ಟ್ಸ್‌ನ ಸ್ವರವನ್ನು ಸಣ್ಣಗೆ ಹಾಕಿ, ಬೆರಳಿನಿಂದ ಐಇಎಂ ಅನ್ನು ಮೆಲ್ಲಗೆ ಒತ್ತಿ ನೋಡುತ್ತೇನೆ. ಒತ್ತಿದಾಗ ಸ್ವರ ಜಾಸ್ತಿಯಾದರೆ ಗಾಳಿ ಸೋರುತ್ತಿದೆ ಅಂತ ಅರ್ಥ. ಬಾಯಿ ತೆರೆದು ಮುಚ್ಚಿಯೂ ನೋಡಬೇಕು, ದವಡೆ ಆಡಿದರೆ ನಾಳದ ಆಕಾರವೇ ಬದಲಾಗುತ್ತದೆ.

ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದೂ ಮುಖ್ಯ. ಟಿಪ್‌ನ ತುದಿಗೂ ಕಿವಿಯ ತಮಟೆಗೂ ನಡುವಿನ ಆ ಸಣ್ಣ ಗಾಳಿಯ ಕಂಬ ತಾನೂ ಅನುರಣಿಸುತ್ತದೆ, ಸಾಮಾನ್ಯವಾಗಿ 8,000 ಹರ್ಟ್ಸ್ ಆಸುಪಾಸಿನಲ್ಲಿ. ಒಂದೆರಡು ಮಿಲಿಮೀಟರ್ ಒಳಗೆ ಹೋದರೆ ಆ ಉಬ್ಬು ಇನ್ನೂ ಮೇಲಕ್ಕೆ ಸರಿಯುತ್ತದೆ. ಸಾಹಿತ್ಯದಲ್ಲಿ ಬರುವ 'ಸ', 'ಶ' ಚುಚ್ಚುತ್ತಿದೆ ಅಂತ ಎಷ್ಟೋ ಜನ ಕೈಬಿಡುವ ಐಇಎಂ, ಟಿಪ್ ಬದಲಿಸಿದರೆ ಸುಮ್ನೆ ಸರಿಹೋಗುತ್ತದೆ.

ಹೋಲಿಸುವಾಗ ಸದ್ದಿನ ಮಟ್ಟ ಸಮ ಇರಲೇಬೇಕು. ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿಗೆ ಅದೇ ಸ್ಪಷ್ಟ, ಅದೇ ಚೆನ್ನ ಅನ್ನಿಸುತ್ತದೆ. ಜೋರಾಗಿದೆ ಅಂತ ಮಾತ್ರ ಅನ್ನಿಸುವುದಿಲ್ಲ. ಕಿವಿಯ ನಾಳವನ್ನು ಅನುಕರಿಸುವ 711 ಮಾದರಿಯ ಕಪ್ಲರ್ ಮೈಕ್ ಈಗ ಕಡಿಮೆ ಬೆಲೆಗೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದಕ್ಕೆ ಒಂದೊಂದೇ ಐಇಎಂ ಸಿಕ್ಕಿಸಿ, ಪುಕ್ಕಟೆ ಸಿಗುವ ಆರ್‌ಇಡಬ್ಲ್ಯೂ ಸಾಫ್ಟ್‌ವೇರಿನಲ್ಲಿ ಮಟ್ಟ ನೋಡಿ, ಯಾವುದಕ್ಕೆ ವಾಲ್ಯೂಮ್ ಎಷ್ಟು ಅಂತ ಚೀಟಿ ಬರೆದಿಟ್ಟುಕೊಂಡೆ. 1,000 ಹರ್ಟ್ಸ್‌ನ ಒಂದೇ ಸ್ವರ ಸಾಲದು, ಕೆಲವು ಐಇಎಂಗಳಿಗೆ ಅಲ್ಲೇ ತಗ್ಗೋ ಉಬ್ಬೋ ಇರುತ್ತದೆ. 500ರಿಂದ 2,000ದವರೆಗಿನ ಪಿಂಕ್ ನಾಯ್ಸ್, ಅಂದರೆ ಎಲ್ಲ ಸ್ವರ ಬೆರೆತ ಸುಯ್ ಸದ್ದು, ಹಾಕಿದರೆ ಹಾಡುವ ದನಿಯ ಮಟ್ಟಕ್ಕೆ ಸರಿಹೊಂದುತ್ತದೆ.

ಆಂಪ್ಲಿಫೈಯರ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಔಟ್‌ಪುಟ್ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಒಂದು ಓಮ್‌ಗಿಂತ ಕಡಿಮೆ ಇರುವ, ಫೋನಿಗೋ ಲ್ಯಾಪ್‌ಟಾಪಿಗೋ ಸಿಕ್ಕಿಸುವ ಪುಟ್ಟ ಡಾಂಗಲ್ ಸಾಕು. ಹಲವು ಆರ್ಮೇಚರ್‌ಗಳಿರುವ ಐಇಎಂನ ಇಂಪೀಡೆನ್ಸ್ ಒಂದೊಂದು ಸ್ವರಕ್ಕೆ ಒಂದೊಂದು ಥರ. ಹತ್ತು ಓಮ್‌ನ ಹಳೆಯ ಆಂಪ್‌ಗೆ ಹಾಕಿದರೆ ಅದರ ದನಿಯೇ ಬದಲಾಗುತ್ತದೆ. ಕ್ಯಾಂಪ್‌ಫೈರ್ ಕಂಪನಿಯ ಆಂಡ್ರೊಮಿಡಾ ಇದಕ್ಕೆ ಹೆಸರುವಾಸಿ.

ಅಳತೆಗೋಲಿಗೆ ಬಳಸಿದ ರೆಕಾರ್ಡಿಂಗ್‌ಗಳಲ್ಲಿ ಒಂದು ಬರೀ ತಂಬೂರಿ. ಗಂಡು ಶ್ರುತಿಯ ತಂಬೂರಿಯಲ್ಲಿ ಮಂದ್ರ ಷಡ್ಜ 65 ಹರ್ಟ್ಸ್ ಹತ್ತಿರ ಇಳಿಯುತ್ತದೆ, ಜೀವಾಳ ಎಬ್ಬಿಸುವ ಉಪಸ್ವರಗಳು ಸಾವಿರಾರು ಹರ್ಟ್ಸ್ ದಾಟಿ ಹೋಗುತ್ತವೆ. ಒಂದೇ ವಾದ್ಯ ಇಡೀ ಇಯರ್‌ಫೋನಿನ ಪರೀಕ್ಷೆ ಮಾಡಿಬಿಡುತ್ತದೆ. ಇನ್ನೊಂದು ಒಂಟಿಕೊಪ್ಪಲಿನ 8ನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ ಹಿಡಿದ ತನಿ ಆವರ್ತನ, ಅಂದರೆ ತಾಳವಾದ್ಯಗಳು ಮಾತ್ರ ನುಡಿಯುವ ಭಾಗ. ಮೃದಂಗ, ಘಟ ಎರಡೂ ಇವೆ. ರಸ್ತೆಯಲ್ಲೇ ಹಾಕುವ ಪೆಂಡಾಲ್, ಗೋಡೆಗಳ ಪ್ರತಿಧ್ವನಿ ಇಲ್ಲ. ಮೂರನೆಯದು ನಮ್ಮಮ್ಮನ ವೀಣೆ.

ಮೊದಲು ಸಿಕ್ಕಿದ್ದು ಎಟಿಮೋಟಿಕ್ ಇಆರ್4ಎಸ್‌ಆರ್. ಒಂದೇ ಆರ್ಮೇಚರ್, ಮೂರು ಪದರದ ರಬ್ಬರ್ ಟಿಪ್, ತುಂಬ ಆಳಕ್ಕೆ ಹೋಗುತ್ತದೆ. ಮೇಲೆ ಫ್ಯಾನ್ ತಿರುಗುತ್ತಿದ್ದರೂ ಕೇಳಿಸುವುದಿಲ್ಲ. ಹಾಡುವವರ ದನಿ ಇದರಲ್ಲಿ ಬಂದಷ್ಟು ನೆಟ್ಟಗೆ ಇನ್ನೆಲ್ಲೂ ಬರಲಿಲ್ಲ. ಆದರೆ ಮೃದಂಗದ ಎಡಕ್ಕೆ ರವೆ ಹಚ್ಚಿದ ಮೇಲೆ ಬರುವ ಆ ತುಂಬು ಗುಮ್ಕಿ ಇಲ್ಲಿ ತೆಳು. 100 ಹರ್ಟ್ಸ್ ಕೆಳಗೆ ಈಕ್ವಲೈಜರ್‌ನಲ್ಲಿ 4 ಡೆಸಿಬೆಲ್ ಏರಿಸಿದರೆ ಬಹಳ ಮಟ್ಟಿಗೆ ಸರಿಯಾಗುತ್ತದೆ. ಬಜೆಟ್ ಅಷ್ಟೇ ಅನ್ನುವವರು ಇಲ್ಲೇ ನಿಲ್ಲಬಹುದು. ನಿಜವಾಗಿ ಹೇಳುತ್ತಿದ್ದೇನೆ.

ಸೆನ್‌ಹೈಸರ್ ಐಇ 900 ಸರಸ್ವತಿಪುರಂನ ಗೆಳೆಯನೊಬ್ಬನದು. 2021ರಲ್ಲಿ ಬಂದದ್ದು. ಅಲ್ಯೂಮಿನಿಯಂ ಗಟ್ಟಿಯನ್ನು ಕೊರೆದು ಮಾಡಿದ ಮೈ, ಒಳಗೆ 7 ಮಿಲಿಮೀಟರಿನ ಒಂದೇ ಡೈನಾಮಿಕ್ ಡ್ರೈವರ್, ಪುಟ್ಟ ಸ್ಪೀಕರ್ ಇದ್ದ ಹಾಗೆ. ಅದರಲ್ಲಿ ತಂಬೂರಿ ಹಾಕಿದಾಗ ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಒಂದೊಂದು ತಂತಿ ಮೀಟಿದ ಮೇಲೂ ಉಪಸ್ವರಗಳು ಒಂದರ ಹಿಂದೆ ಒಂದು ಅರಳುವುದು, ಆಮೇಲೆ ಒಂದರೊಳಗೊಂದು ಕರಗುವುದು ಬಿಡಿಬಿಡಿಯಾಗಿ ಕೇಳುತ್ತಿತ್ತು. ಒಂದೇ ಡ್ರೈವರ್ ಆದ್ದರಿಂದಲೋ ಏನೋ, ಮಂದ್ರದಿಂದ ಮೇಲಿನ ತುದಿಯವರೆಗೂ ಒಂದೇ ವಾದ್ಯ ಅನ್ನಿಸುತ್ತದೆ. ತನಿ ಆವರ್ತನದಲ್ಲಿ ಮಾತ್ರ ಮೃದಂಗದ ಎಡಗಡೆ ಪೆಂಡಾಲಿನಲ್ಲಿ ಇದ್ದದ್ದಕ್ಕಿಂತ ದೊಡ್ಡದು. ಮತ್ತೆ, 3,000 ಹರ್ಟ್ಸ್ ಸುತ್ತ ಇದು ಸ್ವಲ್ಪ ಹಿಂದೆ ನಿಲ್ಲುತ್ತದೆ. ತೆರೆದ ಕಿವಿಯ ನಾಳ ತಾನೇ ಆ ಭಾಗವನ್ನು ಏರಿಸಿಕೊಳ್ಳುತ್ತದೆ. ಐಇಎಂ ನಾಳವನ್ನೇ ಮುಚ್ಚುವುದರಿಂದ ಅದನ್ನು ಟ್ಯೂನಿಂಗ್‌ನಲ್ಲಿ ತುಂಬಿಕೊಡಬೇಕು. ಜಾಸ್ತಿ ತುಂಬಿದರೆ ಪಿಟೀಲು ಕೀರಲಾಗುತ್ತದೆ, ಕಮ್ಮಿಯಾದರೆ ಹಾಡುವವರು ಒಂದು ಹೆಜ್ಜೆ ಹಿಂದೆ ಸರಿದು ಕೂತ ಹಾಗೆ. ಸಂತೋಷಕ್ಕೆ ಕೇಳಲು ಐಇ 900 ನನಗೆ ಬಹಳ ಇಷ್ಟ. ಮಿಕ್ಸ್ ಮಾಡಲು ಅದನ್ನು ನಂಬಿದರೆ ಗಾಯಕಿಯ ದನಿಯನ್ನು ನಾನು ಬೇಕಾದ್ದಕ್ಕಿಂತ ಏರಿಸಿಬಿಡುತ್ತೇನೆ.

ತೀಯಾಡಿಯೊ ಮೊನಾರ್ಕ್ ಮಾರ್ಕ್ 2ರಲ್ಲಿ ಒಂದೊಂದು ಕಿವಿಗೆ ಒಂಬತ್ತು ಡ್ರೈವರ್: ಒಂದು ಡೈನಾಮಿಕ್, ಆರು ಆರ್ಮೇಚರ್, ಎರಡು ಎಲೆಕ್ಟ್ರೋಸ್ಟಾಟಿಕ್. ಬಿಡಿಸಿ ತೋರಿಸುವುದರಲ್ಲಿ ಇದು ಗಟ್ಟಿಗ. ಮೃದಂಗದ ಬಲಗಡೆಯ ಕಪ್ಪು ಕರಣೆಯ ಮೇಲಿನ ಪೆಟ್ಟು, ಘಟದ ಕುತ್ತಿಗೆಯ ಮೇಲಿನ ಬೆರಳು ಬೇರೆ ಬೇರೆ ಕಾಣುವ ಹಾಗೆ ಕೇಳುತ್ತದೆ.

64 ಆಡಿಯೊದ ಯು12ಟಿಯನ್ನು ಬೆಂಗಳೂರಿನ ಪರಿಚಯದವರೊಬ್ಬರು ಕೆಲವು ದಿನ ನನ್ನ ಹತ್ತಿರ ಬಿಟ್ಟುಹೋದರು. ಅದು ಬಿಡುಗಡೆಯಾದಾಗ ಬೆಲೆ 1,999 ಡಾಲರ್. ಕಿವಿಗೆ ಹನ್ನೆರಡು ಆರ್ಮೇಚರ್. ಡ್ರೈವರ್‌ಗಳ ಲೆಕ್ಕ ನೋಡಿ ನಾನು ಮಾರುಹೋಗುವವನಲ್ಲ. ಇದರಲ್ಲಿ ನನಗೆ ಹಿಡಿಸಿದ್ದು ಆಪೆಕ್ಸ್ ಅನ್ನುವ ಪುಟ್ಟ ಬಿರಡೆ. ನಾಳದೊಳಗೆ ಕಟ್ಟಿಕೊಳ್ಳುವ ಒತ್ತಡವನ್ನು ಅದು ಹೊರಗೆ ಬಿಡುತ್ತದೆ. ಗಂಟೆಗಟ್ಟಲೆ ಎಡಿಟಿಂಗ್ ಮಾಡಿದರೂ ಕಿವಿ ತುಂಬಿಕೊಂಡ ಹಾಗಾಗುವುದಿಲ್ಲ. ತಂಬೂರಿ ಐಇ 900ರಷ್ಟು ಮಿನುಗಲಿಲ್ಲ, ಒಪ್ಪುತ್ತೇನೆ. ಆದರೆ ತಂತಿಯ ಹಿಂದೆ ಮರ ಇದೆ, ಬುರುಡೆ ಇದೆ ಅನ್ನುವುದು ಇದರಲ್ಲೇ ಜಾಸ್ತಿ ಗೊತ್ತಾಯಿತು.

ಕೊನೆಗೆ ತೀರ್ಮಾನಕ್ಕೆ ನೆರವಾದದ್ದು ಅಮ್ಮ. ಅವರು ಹುಡುಗಿಯಾಗಿದ್ದಾಗಿನಿಂದ ಮೈಸೂರು ಬಾನಿಯಲ್ಲಿ, ಅಂದರೆ ಮೈಸೂರು ಶೈಲಿಯಲ್ಲಿ, ವೀಣೆ ನುಡಿಸುತ್ತಾ ಬಂದವರು. ಬೆಳಗ್ಗೆ ಬೀದಿಯಲ್ಲಿ ಗಾಡಿಗಳ ಸದ್ದು ಶುರುವಾಗುವ ಮುಂಚೆ, ಹಾಲ್‌ನಲ್ಲಿ ಅವರು ಚಾಪೆ ಮೇಲೆ ಕೂತರು. ಅವರ ಕಿವಿಯ ಎತ್ತರಕ್ಕೇ, ಭುಜದ ಪಕ್ಕದಲ್ಲೇ ಮೈಕ್ ಇಟ್ಟೆ, ನುಡಿಸುವವರಿಗೆ ಕೇಳುವ ದನಿಯೇ ಬರಲಿ ಅಂತ. ರೆಕಾರ್ಡ್ ಆದ ಮೇಲೆ ವೀಣೆ ತೊಡೆಯ ಮೇಲೇ ಇತ್ತು. ಐಇಎಂ ಕೊಟ್ಟು ಕೇಳಿಸುವುದು, ತೆಗೆದು ಅದೇ ಸಂಗತಿ ಮತ್ತೆ ನುಡಿಸುವುದು, ಹೀಗೆ ಒಂದೊಂದಕ್ಕೂ ಮಾಡಿದೆವು. ಯಾವುದು ಯಾವ ಕಂಪನಿಯದು, ಬೆಲೆ ಎಷ್ಟು ಅಂತ ನಾನು ಹೇಳಿರಲಿಲ್ಲ.

ಮೊನಾರ್ಕ್ ಕೇಳಿ, "ಚೆನ್ನಾಗಿದೆ ಕಣೋ, ಆದ್ರೆ ಇದು ಯಾರ್ದೋ ವೀಣೆ" ಅಂದರು. ಉಗುರು ತಂತಿಗೆ ತಾಗುವ ಸದ್ದು ಮುಂದೆ ಬಂದು, ವೀಣೆಯ ಬುಡದ ಟೊಳ್ಳು ಭಾಗವಾದ ಕೊಡದ ತುಂಬು ನಾದ ಹಿಂದೆ ಉಳಿದಿತ್ತು. ಐಇ 900ರಲ್ಲಿ ತಾಳದ ತಂತಿಗಳನ್ನು ಮೆಚ್ಚಿಕೊಂಡರು. ಯು12ಟಿ ಹಾಕಿಕೊಂಡವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇದು ನಂದೇ. ಮೀಟಿದ್ಮೇಲೆ ಕೊಡ ಮಾತಾಡೋದು ಕೇಳ್ತಿದೆ ನೋಡು" ಅಂದರು. ಒಂದೇ ಮೀಟಿನಲ್ಲಿ ತಂತಿ ಎಳೆದು ಗಮಕ ತೆಗೆಯುವಾಗ ನಾದ ಸಣ್ಣದಾಗುತ್ತಾ ಹೋಗುತ್ತದಲ್ವಾ, ಆ ಕೊನೆಯ ಎಳೆಯಲ್ಲೂ ವೀಣೆಯ ಮೈ ಉಳಿದಿತ್ತು. ಮೈಸೂರು ಬಾನಿಯಲ್ಲಿ ಮೀಟು ಸ್ಪಷ್ಟವಾಗಿರಬೇಕು, ನಿಜ. ಆದರೆ ಮೀಟಿನ ಹಿಂದೆ ಬರುವ ನಾದ ಹೋದರೆ ಏನು ಉಳಿಯುತ್ತದೆ?

ಹಳೆಯ ರೇಡಿಯೋ ಧ್ವನಿಮುದ್ರಣಗಳನ್ನೂ ಹಾಕಿ ನೋಡಿದೆ, ವೀಣೆ ದೊರೆಸ್ವಾಮಿ ಅಯ್ಯಂಗಾರರದು. ಮೇಲಿನ ಸ್ವರಗಳನ್ನು ಎತ್ತಿ ತೋರಿಸುವ ಐಇಎಂಗಳಲ್ಲಿ ಟೇಪಿನ ಸುಯ್ ಸದ್ದೇ ಮುಂದಾಗುತ್ತದೆ. ಹಳೆಯದನ್ನೇ ಹೆಚ್ಚು ಕೇಳುವವರು ಇದನ್ನು ಗಮನದಲ್ಲಿಡಿ. ಇಆರ್4ಎಸ್‌ಆರ್, ಯು12ಟಿ ಎರಡರಲ್ಲೂ ಸುಯ್ ಸದ್ದು ಪಕ್ಕಕ್ಕೆ ಸರಿದು ವೀಣೆ ಉಳಿಯಿತು.

ಇಷ್ಟು ದುಡ್ಡಿಗೆ ಬೆಲೆ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇಪ್ಪತ್ತು ಡಾಲರ್‌ನ ಮೂನ್‌ಡ್ರಾಪ್ ಚು ನನ್ನ ಹತ್ತಿರ ಇದೆ. ಒಬ್ಬರೇ ಹಾಡಿದರೆ, ಜೊತೆಗೆ ತಂಬೂರಿ ಮಾತ್ರ ಇದ್ದರೆ, ಅದರ ದನಿಯ ಬಣ್ಣಕ್ಕೂ ದುಬಾರಿಯವಕ್ಕೂ ಅಜಗಜಾಂತರ ಏನಿಲ್ಲ. ಗಾಯನ, ಪಿಟೀಲು, ಮೃದಂಗ, ಘಟ, ತಂಬೂರಿ ಒಟ್ಟಿಗೆ ಬಂದಾಗ ಚು ಎಲ್ಲವನ್ನೂ ಒಂದು ಮುದ್ದೆ ಮಾಡುತ್ತದೆ. ಪಿಟೀಲು ಗಾಯಕಿಯನ್ನು ನೆರಳಿನಂತೆ ಹಿಂಬಾಲಿಸುವಾಗ ಇಬ್ಬರನ್ನೂ ಬೇರೆ ಬೇರೆ ಹಿಡಿಯಬೇಕಾದರೆ ದುಡ್ಡು ಕೆಲಸ ಮಾಡುತ್ತದೆ. ಸುಮ್ನೆ ಬಸ್ಸಿನಲ್ಲಿ ಕೇಳುವವರಿಗೆ ಬೇಡವೇ ಬೇಡ.

ವಾಲ್ಯೂಮ್ ಬಗ್ಗೆಯೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ. 90ಕ್ಕೆ ಏರಿಸಿದರೆ ಬರೀ ನಾಲ್ಕು ಗಂಟೆ. ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುವ ಐಇಎಂನಲ್ಲಿ ಸಣ್ಣಗೆ ಇಟ್ಟರೂ ಎಲ್ಲ ಕೇಳುತ್ತದೆ, ಅದೇ ಅದರ ದೊಡ್ಡ ಗುಣ. ನಾನು ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿ ಹಳೆಯ ಚಾರ್ಟ್ ಪಕ್ಕದಲ್ಲಿಟ್ಟು ನೋಡುತ್ತೇನೆ.

ಯು12ಟಿಯನ್ನೇ ಕೊಂಡೆ, ಸೆಕೆಂಡ್ ಹ್ಯಾಂಡ್. ಮೊದಲ ಲಾಭ ಆಗಿದ್ದು ಹಳೆಯ ರೆಕಾರ್ಡಿಂಗ್‌ಗಳನ್ನು ತಿರುಗಿ ಕೇಳಿದಾಗ. ಎಲೆಕ್ಟ್ರಾನಿಕ್ ತಂಬೂರಿಯ ಪೆಟ್ಟಿಗೆಯನ್ನು ಗಾಯಕರು ಸಾಮಾನ್ಯವಾಗಿ ಮೊಣಕಾಲಿನ ಹತ್ತಿರ ಇಟ್ಟುಕೊಳ್ಳುತ್ತಾರೆ. ಅದರ ಸ್ಪೀಕರ್ ನೇರ ಹಾಡುವವರ ಮೈಕಿಗೆ ತಿರುಗಿರುತ್ತದೆ. ಹಾಡಿನ ನಡುವೆ ಗಾಯಕರು ದನಿ ನಿಲ್ಲಿಸಿದಾಗಲೆಲ್ಲ ಆ ಪೆಟ್ಟಿಗೆಯ ಸಣ್ಣ ಗುಂಯ್ ಸದ್ದು ದನಿಯ ಬುಡಕ್ಕೆ ಅಂಟಿಕೊಂಡಿರುವುದು ಈಗ ಕೇಳಿಸಿತು. ಈಗ ಕಛೇರಿ ಶುರುವಾಗುವ ಮುಂಚೆ ವಿದ್ವಾಂಸರಿಗೆ ಹೇಳಿ, ಪೆಟ್ಟಿಗೆಯನ್ನು ಅವರ ಹಿಂದೆ ಇಟ್ಟು, ಸ್ಪೀಕರ್ ಇರುವ ಮುಖವನ್ನು ಪಿಟೀಲು ಇಲ್ಲದ ಪಕ್ಕಕ್ಕೆ ತಿರುಗಿಸಿಡುತ್ತೇನೆ.