ಪಾಸ್‌ವರ್ಡ್ ಗಡುವು ಎಷ್ಟು ದಿನ? ಸರ್ವರನ್ನೇ ಕೇಳಿ

"ತೊಂಬತ್ತು ದಿನ ಅಂತ ನೋಟಿಸ್ ಹಾಕಿದ್ದೀರಿ. ನಂದು ನಲವತ್ತೈದಕ್ಕೇ ಹೋಯ್ತಲ್ಲಪ್ಪಾ!"

ಕೆಲವು ವರ್ಷಗಳ ಹಿಂದೆ ನಾನಿದ್ದ ಆಫೀಸಿನಲ್ಲಿ ಅಕೌಂಟ್ಸ್ ವಿಭಾಗದ ಮೇಡಂ ತಿಂಗಳ ಕೊನೆಯ ದಿನ ಬೆಳಿಗ್ಗೆಯೇ ಬಂದು ದಬಾಯಿಸಿದ ಮಾತು ಇದು. ಸಂಬಳದ ಫೈಲು ಬ್ಯಾಂಕಿಗೆ ಹೋಗಬೇಕಿತ್ತು, ಅವರಿಗೆ ಕಂಪ್ಯೂಟರ್ ಒಳಗೇ ಬಿಡುತ್ತಿರಲಿಲ್ಲ. ನಾನು ಒಂದು ಕಮಾಂಡ್ ಹೊಡೆದು, ಸ್ಕ್ರೀನನ್ನು ಅವರ ಕಡೆ ತಿರುಗಿಸಿ, "ನೋಡಿ ಮೇಡಂ, ಇಲ್ಲೂ 90 ಅಂತಲೇ ಇದೆ. ನೀವೇ ತಾರೀಕು ಮರೆತಿರಬೇಕು" ಅಂದೆ. ಮರೆತಿದ್ದು ಅವರಲ್ಲ. ನಾನು ಸರಿಯಾದ ಜಾಗದಲ್ಲೇ ಕೇಳಿದ್ದೆ, ಆದರೆ ಅರ್ಧ ಪ್ರಶ್ನೆ ಕೇಳಿದ್ದೆ. ಪೂರ್ತಿ ಪ್ರಶ್ನೆ ಕೇಳುವುದು ಹೇಗೆ ಅನ್ನುವುದೇ ಈ ಲೇಖನ.

ದೊಡ್ಡ ಆಫೀಸು, ಕಾಲೇಜುಗಳಲ್ಲಿ ಯಾರು ಲಾಗಿನ್ ಆಗಬಹುದು, ಪಾಸ್‌ವರ್ಡ್ ಎಷ್ಟು ಉದ್ದ ಇರಬೇಕು, ಎಷ್ಟು ಸಲ ತಪ್ಪಿದರೆ ಖಾತೆಗೆ ಬೀಗ ಬೀಳುತ್ತದೆ ಎಂಬುದೆಲ್ಲ ಒಂದು ಡೈರೆಕ್ಟರಿಯಲ್ಲಿ ಇರುತ್ತದೆ. ಜಾಸ್ತಿ ಕಡೆ ಇರುವುದು ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿ. ವಿಂಡೋಸ್ 2000 ಜೊತೆ ಬಂದದ್ದು, ಇವತ್ತಿಗೂ ಗಟ್ಟಿಯಾಗಿ ಕೂತಿದೆ. ಗೋಡೆಯ ನೋಟಿಸು, ಐಟಿ ವಿಭಾಗದ ಪಿಡಿಎಫ್, ಹಳಬರ ನೆನಪು ಇವೆಲ್ಲ ಹೊಲದ ಬದುವಿನ ಮೇಲೆ ನಿಂತು ಆಡುವ ಜಗಳ ಇದ್ದ ಹಾಗೆ. ಡೈರೆಕ್ಟರಿ ಪಹಣಿ. ತೆಗೆಸಿ ನೋಡಿಬಿಟ್ಟರೆ ಮಾತು ಮುಗಿಯಿತು.

ಶುರು ಮಾಡುವ ಮುಂಚೆ ಎರಡು ಮಾತು. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದ ಪ್ರಕಾರ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಇನ್ನೊಂದು, ಇದನ್ನು ನಿಮ್ಮದೇ ಆಫೀಸಿನಲ್ಲಿ, ಹೇಳಿ ಕೇಳಿ ಮಾಡಿ. ಎಷ್ಟು ಸಲ ತಪ್ಪಿದರೆ ಬೀಗ ಬೀಳುತ್ತದೆ ಎಂಬುದು ಕಳ್ಳನಿಗೂ ಬೇಕಾದ ಮಾಹಿತಿ. ಐದು ಸಲ ಅಂತ ಗೊತ್ತಾದರೆ ಅವನು ಒಂದೊಂದು ಖಾತೆಗೂ ನಾಲ್ಕೇ ಸಲ ಕೈ ಹಾಕಿ ಮುಂದಕ್ಕೆ ಹೋಗುತ್ತಾನೆ.

ಮೊದಲ ಪ್ರಶ್ನೆ: ಎಲ್ಲರಿಗೂ ಅನ್ವಯಿಸುವ ನಿಯಮ ಏನು?

ವಿಂಡೋಸ್ ಕಂಪ್ಯೂಟರ್ ಡೊಮೇನ್‌ಗೆ, ಅಂದರೆ ಈ ಡೈರೆಕ್ಟರಿಯ ಆಳ್ವಿಕೆಗೆ, ಸೇರಿದ್ದರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಹೊಡೆಯಿರಿ:

ನೆಟ್ ಅಕೌಂಟ್ಸ್ /ಡೊಮೇನ್

ಕೊನೆಯ ಆ /ಡೊಮೇನ್ ಬಿಡಬೇಡಿ. ಬಿಟ್ಟರೆ ನಿಮ್ಮ ಮುಂದಿರುವ ಡಬ್ಬಿಯ ನಿಯಮ ಮಾತ್ರ ಬರುತ್ತದೆ. ಹಾಕಿದರೆ ಪ್ರಶ್ನೆ ಡೈರೆಕ್ಟರಿ ಇಟ್ಟುಕೊಂಡಿರುವ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರ್‌ಗೆ ಹೋಗಿ ಹತ್ತು ಸಾಲಿನಷ್ಟು ಉತ್ತರ ಬರುತ್ತದೆ. ಪಾಸ್‌ವರ್ಡ್‌ನ ಕನಿಷ್ಠ ಮತ್ತು ಗರಿಷ್ಠ ವಯಸ್ಸು, ಕನಿಷ್ಠ ಉದ್ದ, ಎಷ್ಟು ಹಳೇ ಪಾಸ್‌ವರ್ಡ್ ನೆನಪಿಡುತ್ತದೆ, ಎಷ್ಟು ಸಲ ತಪ್ಪಿದರೆ ಬೀಗ, ಬೀಗ ಎಷ್ಟು ನಿಮಿಷ. ಯಾರೂ ಕೈ ಹಾಕದೆ ಬಿಟ್ಟ ಡೊಮೇನ್ ಆದರೆ 42 ದಿನ, 7 ಅಕ್ಷರ, 24 ಹಳೇ ಪಾಸ್‌ವರ್ಡ್ ಎಂದು ಕಾಣುತ್ತದೆ. ಬೀಗದ ಸಾಲಿನಲ್ಲಿ ನೆವರ್ ಅಂತಿದ್ದರೆ ಎಷ್ಟು ಸಲ ತಪ್ಪು ಹೊಡೆದರೂ ಖಾತೆ ಮುಚ್ಚುವುದಿಲ್ಲ ಎಂದರ್ಥ. ಅದು ಕಂಡರೆ ಟೀ ಕುಡಿಯುವ ಮುಂಚೆ ಮೇಲಿನವರಿಗೆ ಹೇಳಿ.

ಈ ಕಮಾಂಡ್ ಒಂದು ವಿಷಯ ಮುಚ್ಚಿಡುತ್ತದೆ. ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಲೇಬೇಕು ಎಂಬ ನಿಯಮ ಜಾರಿಯಲ್ಲಿದೆಯೇ ಇಲ್ಲವೇ ಎಂದು ಇದು ಹೇಳುವುದಿಲ್ಲ. ಅದಕ್ಕೆ ವಿಂಡೋಸ್‌ನದೇ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್ ಬೇಕು. ಆ್ಯಕ್ಟಿವ್ ಡೈರೆಕ್ಟರಿ ಮಾಡ್ಯೂಲ್ ಹಾಕಿಕೊಂಡಿರಬೇಕು. ಆಮೇಲೆ:

ಗೆಟ್-ಎಡಿಡಿಫಾಲ್ಟ್‌ಡೊಮೇನ್‌ಪಾಸ್‌ವರ್ಡ್‌ಪಾಲಿಸಿ

ಗೆಟ್ ಆದಮೇಲಿನ ಗೆರೆ ಬಿಟ್ಟರೆ ಉಳಿದದ್ದೆಲ್ಲ ಒಂದೇ ಪದ, ನಡುವೆ ಜಾಗ ಬಿಡಬೇಡಿ. ಕಾಂಪ್ಲೆಕ್ಸಿಟಿಎನೇಬಲ್ಡ್ ಎಂಬ ಸಾಲಿನಲ್ಲಿ ಟ್ರೂ ಅಥವಾ ಫಾಲ್ಸ್ ಅಂತ ನೇರವಾಗಿ ಬರುತ್ತದೆ.

ಲಿನಕ್ಸ್‌ನಿಂದ ಕೇಳುವವರಿಗೆ

ಆ್ಯಕ್ಟಿವ್ ಡೈರೆಕ್ಟರಿ ಎಲ್‌ಡ್ಯಾಪ್ ಭಾಷೆ ಮಾತಾಡುತ್ತದೆ. 1993ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕಡೆಯಿಂದ ಬಂದ ಪ್ರೋಟೋಕಾಲ್ ಇದು. ಎಲ್‌ಡ್ಯಾಪ್‌ಸರ್ಚ್ ಎಂಬ ಕಮಾಂಡ್ ಲಿನಕ್ಸ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಮೊದಲು ಡೊಮೇನ್‌ನ ಬೇರು ಎಲ್ಲಿದೆ ಅಂತ ತಿಳಿಯಬೇಕು. -ಬಿ ಆದಮೇಲೆ ಖಾಲಿ ಉದ್ಧರಣ ಚಿಹ್ನೆ, -ಎಸ್ ಬೇಸ್, ಕೊನೆಗೆ ಡಿಫಾಲ್ಟ್‌ನೇಮಿಂಗ್‌ಕಾಂಟೆಕ್ಸ್ಟ್ ಎಂದು ಕೇಳಿದರೆ ಸರ್ವರ್ ತನ್ನ ವಿಳಾಸ ಹೇಳುತ್ತದೆ. ಇದಕ್ಕೆ ಪಾಸ್‌ವರ್ಡ್ ಕೂಡ ಬೇಡ. ಆ ವಿಳಾಸವನ್ನು -ಬಿ ಪಕ್ಕದಲ್ಲಿಟ್ಟು, ಈ ಸಲ ನಿಮ್ಮ ಖಾತೆಯ ಹೆಸರಿನಲ್ಲಿ, ಮತ್ತೆ -ಎಸ್ ಬೇಸ್ ಹಾಕಿಯೇ ಕೇಳಿ. ಬೇಕಾದ ಗುಣಗಳು (ಆಟ್ರಿಬ್ಯೂಟ್): ಮ್ಯಾಕ್ಸ್‌ಪಿಡಬ್ಲ್ಯುಡಿಏಜ್, ಮಿನ್‌ಪಿಡಬ್ಲ್ಯುಡಿಲೆಂತ್, ಪಿಡಬ್ಲ್ಯುಡಿಪ್ರಾಪರ್ಟೀಸ್, ಲಾಕೌಟ್‌ಥ್ರೆಶೋಲ್ಡ್, ಲಾಕೌಟ್‌ಡ್ಯುರೇಷನ್.

ಇಲ್ಲಿ ಒಂದು ಎಚ್ಚರಿಕೆ. ಪಾಸ್‌ವರ್ಡ್ ಕೊಡಲು ಚಿಕ್ಕ -ಡಬ್ಲ್ಯು ಬಳಸಿ ಅದೇ ಸಾಲಿನಲ್ಲಿ ಬರೆದರೆ ಅದು ಟರ್ಮಿನಲ್ ಇತಿಹಾಸದಲ್ಲಿ ಉಳಿದುಬಿಡುತ್ತದೆ. ದೊಡ್ಡ -ಡಬ್ಲ್ಯು ಹಾಕಿ, ಆಗ ಅದು ಕೇಳಿ ಪಡೆಯುತ್ತದೆ. ಹಾಗೆಯೇ 389ರ ಬರಿಯ ಪೋರ್ಟ್ ಬೇಡ, ಗೂಢಲಿಪಿಯ 636 ಬಳಸಿ. ಪಾಸ್‌ವರ್ಡ್ ನಿಯಮ ನೋಡಲು ಹೋಗಿ ಪಾಸ್‌ವರ್ಡನ್ನೇ ಬೀದಿಗೆ ಹಾಕಬಾರದು, ಅಲ್ವಾ?

ಉತ್ತರ ನೋಡಿ ಹೆದರಬೇಡಿ. ಗಡುವಿನ ಜಾಗದಲ್ಲಿ -77760000000000 ಅಂತ ಬಂದಿರುತ್ತದೆ. ಇಲ್ಲಿ ಕಾಲದ ಲೆಕ್ಕ 100 ನ್ಯಾನೋಸೆಕೆಂಡಿನ ತುಣುಕುಗಳಲ್ಲಿ. ಇಷ್ಟು ಹೊತ್ತು ಎನ್ನುವ ಅಳತೆಯನ್ನು ಮೈನಸ್ ಹಾಕಿ ಬರೆಯುತ್ತಾರೆ. ಮೈನಸ್ ತೆಗೆಯಿರಿ, ಬಲಗಡೆಯ ಏಳು ಸೊನ್ನೆ ಅಳಿಸಿ: 7776000 ಸೆಕೆಂಡ್. 86400ರಿಂದ ಭಾಗಿಸಿ: 90 ದಿನ. ಮೂಲದ 42 ದಿನವೇ ಇದ್ದರೆ ಸೊನ್ನೆ ಅಳಿಸಿದ ಮೇಲೆ 3628800 ಉಳಿಯುತ್ತದೆ. ಒಂದರಿಂದ ಹತ್ತರವರೆಗೆ ಎಲ್ಲ ಅಂಕಿ ಗುಣಿಸಿದರೂ ಇದೇ ಬರುತ್ತದೆ. ಯಾಕೆ ಉಪಯೋಗ ಅಂತ ಕೇಳಬೇಡಿ, ನನಗೆ ಸುಮ್ನೆ ಖುಷಿ. ಇನ್ನು -9223372036854775808 ಎಂಬ ಉದ್ದದ ಅಂಕಿ ಕಂಡರೆ ಲೆಕ್ಕ ಹಾಕಲು ಕೂರಬೇಡಿ. ಅದು "ಗಡುವೇ ಇಲ್ಲ" ಎನ್ನುವ ಗುರುತು.

ಎರಡನೇ ಪ್ರಶ್ನೆ: ಈ ವ್ಯಕ್ತಿಗೆ ಅನ್ವಯಿಸುವ ನಿಯಮ ಏನು?

ನಾನು ಎಡವಿದ್ದು ಇಲ್ಲೇ. ವಿಂಡೋಸ್ ಸರ್ವರ್ 2008ರಿಂದ ಒಂದೇ ಡೊಮೇನ್‌ನಲ್ಲಿ ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ನಿಯಮ ಇಡಬಹುದು. ಅಂಥ ಒಂದೊಂದು ನಿಯಮದ ಹೆಸರು ಪಾಸ್‌ವರ್ಡ್ ಸೆಟ್ಟಿಂಗ್ಸ್ ಆಬ್ಜೆಕ್ಟ್, ಚಿಕ್ಕದಾಗಿ ಪಿಎಸ್‌ಒ. ಹಣಕಾಸು ನೋಡುವವರಿಗೆ ಬಿಗಿ, ಉಳಿದವರಿಗೆ ಸಡಿಲ ಎಂಬಂತೆ. ನೆಟ್ ಅಕೌಂಟ್ಸ್ ತೋರಿಸುವುದು ಊರಿಗೆಲ್ಲ ಇರುವ ನಿಯಮವನ್ನು. ಪಿಎಸ್‌ಒ ಇದ್ದವರ ಮಟ್ಟಿಗೆ ಆ ಉತ್ತರ ಲೆಕ್ಕಕ್ಕಿಲ್ಲ.

ಆವತ್ತು ನನಗೆ ಪಿಎಸ್‌ಒ ವಿಷಯ ಗೊತ್ತಿರಲಿಲ್ಲ ಅಂತಲ್ಲ. ಹುಡುಕಿದ್ದೆ ಕೂಡ. ಗೆಟ್-ಎಡಿಫೈನ್‌ಗ್ರೇನ್ಡ್‌ಪಾಸ್‌ವರ್ಡ್‌ಪಾಲಿಸಿ -ಫಿಲ್ಟರ್ * ಎಂದು ಹೊಡೆದೆ. ಏನೂ ಬರಲಿಲ್ಲ. ಕೆಂಪಕ್ಷರದ ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಕರ್ಸರ್ ಮುಂದಿನ ಸಾಲಿಗೆ ಬಂದು ಮಿನುಗುತ್ತಾ ನಿಂತಿತು. "ಪಿಎಸ್‌ಒ ಇಲ್ಲ" ಅಂತ ತೀರ್ಮಾನ ಮಾಡಿಬಿಟ್ಟೆ. ಸಂಗತಿ ಏನೆಂದರೆ, ಪಿಎಸ್‌ಒ ಓದುವ ಹಕ್ಕು ಸಾಮಾನ್ಯ ಖಾತೆಗೆ ಮೂಲತಃ ಇರುವುದಿಲ್ಲ. ಡೈರೆಕ್ಟರಿ "ನಿನಗೆ ತೋರಿಸಲ್ಲ" ಅನ್ನುವುದಿಲ್ಲ. ನಿಮಗೆ ಕಾಣಬಾರದ್ದನ್ನು ಪಟ್ಟಿಯಿಂದ ಬಿಟ್ಟು, ಹುಡುಕಾಟ ಯಶಸ್ವಿ, ಸಿಕ್ಕಿದ್ದು ಸೊನ್ನೆ ಅನ್ನುತ್ತದೆ. ನಾನು ಆವತ್ತು ನನ್ನ ಸಾದಾ ಖಾತೆಯಲ್ಲಿದ್ದೆ. ಅದೇ ಕಮಾಂಡನ್ನು ಮಧ್ಯಾಹ್ನ ನಮ್ಮ ಸೀನಿಯರ್ ತಮ್ಮ ಅಡ್ಮಿನ್ ಖಾತೆಯಿಂದ ಹೊಡೆದರು. ಮೂರು ಪಿಎಸ್‌ಒ ಸಾಲಾಗಿ ಬಂದವು. ಒಂದರಲ್ಲಿ ಅಕೌಂಟ್ಸ್ ಗುಂಪಿನ ಹೆಸರು, ಪಕ್ಕದಲ್ಲಿ 45.00:00:00.

ಅಡ್ಮಿನ್ ಹಕ್ಕು ಇದ್ದರೆ ದಾರಿ ನೇರ:

ಗೆಟ್-ಎಡಿಯೂಸರ್‌ರಿಸಲ್ಟೆಂಟ್‌ಪಾಸ್‌ವರ್ಡ್‌ಪಾಲಿಸಿ, ಆಮೇಲೆ ಖಾತೆಯ ಹೆಸರು

ಆ ವ್ಯಕ್ತಿಯ ಮೇಲೆ ಕೊನೆಗೆ ಗೆದ್ದ ಪಿಎಸ್‌ಒ ಯಾವುದು ಅಂತ ಇದು ಹೇಳುತ್ತದೆ. ಹಕ್ಕು ಇದ್ದೂ ಉತ್ತರ ಖಾಲಿ ಬಂದರೆ ಮಾತ್ರ ಊರಿನ ನಿಯಮವೇ ಅವರಿಗೂ ಎಂದು ತಿಳಿಯಿರಿ. ಒಬ್ಬರು ಎರಡು ಗುಂಪಿನಲ್ಲಿದ್ದು ಎರಡು ಪಿಎಸ್‌ಒ ಬಿದ್ದಿದ್ದರೆ ಪ್ರಿಸಿಡೆನ್ಸ್ ಎಂಬ ಆದ್ಯತೆಯ ಅಂಕಿ ಕಡಿಮೆ ಇರುವುದು ಗೆಲ್ಲುತ್ತದೆ. ವ್ಯಕ್ತಿಗೇ ನೇರವಾಗಿ ಅಂಟಿಸಿದ ಪಿಎಸ್‌ಒ ಇದ್ದರೆ ಗುಂಪಿನದು ಸೋಲುತ್ತದೆ.

ಹಕ್ಕು ಇಲ್ಲದವರು ಏನು ಮಾಡಬೇಕು? ಒಂದು ಹಿಂಬಾಗಿಲ ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದದ್ದು. ನಿಮ್ಮ ಖಾತೆಯ ಎರಡು ಗುಣಗಳನ್ನು ಹೆಸರು ಹೇಳಿ ಕೇಳಿ: ಪಿಡಬ್ಲ್ಯುಡಿಲಾಸ್ಟ್‌ಸೆಟ್, ಮತ್ತೆ ಎಂಎಸ್‌ಡಿಎಸ್-ಯೂಸರ್‌ಪಾಸ್‌ವರ್ಡ್‌ಎಕ್ಸ್‌ಪೈರಿಟೈಮ್‌ಕಂಪ್ಯೂಟೆಡ್. ಮೊದಲನೆಯದು ಪಾಸ್‌ವರ್ಡ್ ಬದಲಾಯಿಸಿದ ಹೊತ್ತು. ಎರಡನೆಯದು ಅದು ಸಾಯುವ ಹೊತ್ತು. ಎರಡನೆಯದನ್ನು ಸರ್ವರ್ ಕೇಳಿದಾಗಲೇ ಲೆಕ್ಕ ಹಾಕಿ ಕೊಡುತ್ತದೆ, ಪಿಎಸ್‌ಒ ಇದ್ದರೆ ಅದನ್ನೂ ಸೇರಿಸಿಕೊಂಡು. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಮೇಡಂ ಖಾತೆಯಲ್ಲಿ ವ್ಯತ್ಯಾಸ 38880000000000. ಏಳು ಸೊನ್ನೆ ಅಳಿಸಿ, 86400ರಿಂದ ಭಾಗಿಸಿ. 45. ಪಿಎಸ್‌ಒ ಬಾಗಿಲು ತೆರೆಯದೆಯೇ ಒಳಗೇನಿದೆ ಅಂತ ಗೊತ್ತಾಯಿತು. ಬೆಳಿಗ್ಗೆಯೇ ಇದನ್ನು ಮಾಡಿದ್ದರೆ ಮೇಡಂ ಮುಂದೆ ತಲೆ ತಗ್ಗಿಸುವುದು ತಪ್ಪುತ್ತಿತ್ತು.

ತಾರೀಕೇ ಬೇಕಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಡಬ್ಲ್ಯು32ಟಿಎಂ /ಎನ್‌ಟಿಟಿಇ ಎಂದು ಬರೆದು ಪಕ್ಕದಲ್ಲಿ ಆ ಅಂಕಿ ಹಾಕಿ. ಅಂಕಿ ಅಷ್ಟು ಉದ್ದ ಯಾಕೆಂದರೆ ವಿಂಡೋಸ್ ಕಾಲ ಎಣಿಸುವುದು 1601ರ ಜನವರಿ 1ರಿಂದ. ಆಗ ನಮ್ಮಲ್ಲಿ ರಾಜ ಒಡೆಯರ ಕಾಲ, ಶ್ರೀರಂಗಪಟ್ಟಣದ ಮೊದಲ ದಸರಾಕ್ಕೆ ಇನ್ನೂ 9 ವರ್ಷ ಇತ್ತು.

ಲೆಕ್ಕ ಯಾವುದಕ್ಕೂ ತಾಳೆಯಾಗದಿದ್ದರೆ ಯೂಸರ್‌ಅಕೌಂಟ್‌ಕಂಟ್ರೋಲ್ ಎಂಬ ಗುಣ ನೋಡಿ. ಸಾದಾ ಖಾತೆಗೆ 512 ಇರುತ್ತದೆ. 66048 ಕಂಡರೆ ಅದರ ಮೇಲೆ 65536 ಕೂಡಿದೆ ಎಂದರ್ಥ, ಅಂದರೆ ಈ ಖಾತೆಯ ಪಾಸ್‌ವರ್ಡ್ ಎಂದಿಗೂ ಸಾಯುವುದಿಲ್ಲ ಎಂದು ಯಾರೋ ಟಿಕ್ ಹಾಕಿದ್ದಾರೆ. ಅದರ ಮುಂದೆ ಯಾವ ಗಡುವಿನ ನಿಯಮವೂ ನಡೆಯುವುದಿಲ್ಲ. ಎಷ್ಟೋ ಕಡೆ ದೊಡ್ಡ ಸಾಹೇಬರ ಖಾತೆಯಲ್ಲೇ ಈ ಅಂಕಿ ಸಿಗುತ್ತದೆ, ನಾನೇನೂ ಹೇಳಲ್ಲ.

ಕಾಗದದಲ್ಲಿ ಒಂದು, ಡೈರೆಕ್ಟರಿಯಲ್ಲಿ ಒಂದು ಇರಲು ಇನ್ನೊಂದು ಕಾರಣವೂ ಇದೆ. ಯಾರೋ ಒಂದು ವಿಭಾಗದ ಫೋಲ್ಡರಿಗೆ ಗ್ರೂಪ್ ಪಾಲಿಸಿ (ಹಲವು ಕಂಪ್ಯೂಟರ್‌ಗಳಿಗೆ ಒಟ್ಟಿಗೆ ಹೇರುವ ನಿಯಮಗಳ ಕಂತೆ) ಕಟ್ಟಿ, ಉದ್ದ 12 ಎಂದು ಇಟ್ಟಿರುತ್ತಾರೆ. ಡೊಮೇನ್ ಖಾತೆಗಳಿಗೆ ಅದು ತಾಗುವುದೇ ಇಲ್ಲ, ಆ ಕಂಪ್ಯೂಟರ್‌ಗಳ ಸ್ಥಳೀಯ ಖಾತೆಗಳಿಗಷ್ಟೇ. ಡೊಮೇನ್‌ನ ನೆತ್ತಿಗೆ ಕಟ್ಟಿದ ಪಾಲಿಸಿ ಮಾತ್ರ ಡೊಮೇನ್ ಖಾತೆಯ ಪಾಸ್‌ವರ್ಡಿಗೆ ಲೆಕ್ಕ.

ಲಾಗಿನ್ ಆದಮೇಲೆ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳದಿರಲು ಸರ್ವರ್ ಕೊಡುವ ಕರ್ಬೆರೋಸ್ ಟಿಕೆಟ್‌ನ ನಿಯಮವನ್ನು ಎಲ್‌ಡ್ಯಾಪ್‌ನಲ್ಲಿ ಹುಡುಕಿ ಹೊತ್ತು ಕಳೆಯಬೇಡಿ. ಮೂಲದಲ್ಲಿ 10 ಗಂಟೆ, ನವೀಕರಣಕ್ಕೆ 7 ದಿನ, ಗಡಿಯಾರ ವ್ಯತ್ಯಾಸ 5 ನಿಮಿಷ ಎಂಬ ಆ ಅಂಕಿಗಳು ಡೊಮೇನ್ ಕಂಟ್ರೋಲರ್‌ನ ಸಿಸ್‌ವಾಲ್ ಎಂಬ ಹಂಚಿದ ಫೋಲ್ಡರಿನೊಳಗಿನ ಒಂದು ಪಾಲಿಸಿ ಫೈಲಿನಲ್ಲಿರುತ್ತವೆ. ನಿಮ್ಮ ಟಿಕೆಟ್ ಎಷ್ಟು ಹೊತ್ತಿನದು ಎಂದು ನೋಡಲು ಕೆಲಿಸ್ಟ್ ಎಂದು ಹೊಡೆದರೆ ಸಾಕು.

ವಿಂಡೋಸ್ ಸರ್ವರೇ ಇಲ್ಲದ ಆಫೀಸಿನಲ್ಲೂ ಪ್ರಶ್ನೆ ಇದೇ ಎರಡು. ಓಪನ್‌ಎಲ್‌ಡ್ಯಾಪ್ ಎಂಬ ಡೈರೆಕ್ಟರಿಯಲ್ಲಿ ವ್ಯಕ್ತಿಗೆ ಬೇರೆ ನಿಯಮ ಹಚ್ಚಿದ್ದರೆ ಅದು ಪಿಡಬ್ಲ್ಯುಡಿಪಾಲಿಸಿಸಬ್‌ಎಂಟ್ರಿ ಎಂಬ ಗುಣದಲ್ಲಿರುತ್ತದೆ. ಆದರೆ ಅದು ಸುಮ್ಮನೆ ಹುಡುಕಿದರೆ ಬರುವುದಿಲ್ಲ, ಎಲ್‌ಡ್ಯಾಪ್‌ಸರ್ಚ್ ಸಾಲಿನ ಕೊನೆಗೆ ಒಂದು + ಚಿಹ್ನೆ ಹಾಕಬೇಕು. ಅಲ್ಲಿನ ಗಡುವು ನೇರ ಸೆಕೆಂಡಿನಲ್ಲೇ ಇರುತ್ತದೆ, ಸೊನ್ನೆ ಅಳಿಸುವ ಕೆಲಸವಿಲ್ಲ. ಫ್ರೀಐಪಿಎ ಎಂಬ ಇನ್ನೊಂದು ಡೈರೆಕ್ಟರಿ ಇದ್ದವರು ಐಪಿಎ ಪಿಡಬ್ಲ್ಯುಪಾಲಿಸಿ-ಶೋ ಎಂದರೆ ಊರಿನ ನಿಯಮ ಬರುತ್ತದೆ. ಅದಕ್ಕೇ --ಯೂಸರ್= ಎಂದು ಹೆಸರು ಸೇರಿಸಿದರೆ ಎದುರಿಗೆ ನಿಂತು ದಬಾಯಿಸುತ್ತಿರುವವರ ನಿಯಮ ಬರುತ್ತದೆ.